ಹೊಟ್ಟೆಪಟ್ಟಿ ಬಿಚ್ಚಿಸಿದವರು

ಮುಟ್ಟುವ ಮೊದಲು ಅವರು ಎರಡೂ ಅಂಗೈಗಳನ್ನು ಉಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದರು. ಅಗಲವಾದ, ಒರಟು ಕೈಗಳು. ಆ ಸದ್ದಿಗೇ ಪರದೆಯ ಹಿಂದೆ ಮಲಗಿದ್ದ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು.

ಲಿಂಗಸುಗೂರಿನ ಒಂದು ಸಣ್ಣ ಆಸ್ಪತ್ರೆಗೆ ಅವರು ವಾರಕ್ಕೊಮ್ಮೆ ರಾಯಚೂರಿನಿಂದ ಬರುತ್ತಿದ್ದರು. ಫಿಜಿಯೋಥೆರಪಿ ಎಂಬ ಮಾತಿಗೆ ನಾಲಿಗೆ ಹೊರಳದ ನಮ್ಮ ಕಡೆಯ ಹೆಂಗಸರು ಅವರನ್ನು ಕಸರತ್ತಿನ ಡಾಕ್ಟರಮ್ಮ ಎನ್ನುತ್ತಿದ್ದರು. ಅದು ತೊಂಬತ್ತರ ದಶಕದ ಆರಂಭ. ನನ್ನ ಮನೆ ಸಿಂಧನೂರಿನಲ್ಲಿ, ಮಾಸ್ತರಿಕೆ ಮಸ್ಕಿಯಲ್ಲಿ. ಮೊದಲ ಹೆರಿಗೆಯ ನಂತರ ಕೆಮ್ಮಿದರೆ, ಬಸ್ಸು ಕುಲುಕಿದರೆ ಸೀರೆ ಒದ್ದೆಯಾಗುತ್ತಿತ್ತು. ಬೆಳಿಗ್ಗೆಯಿಂದ ನೀರು ಕುಡಿಯದೆ ಶಾಲೆಗೆ ಹೋಗುತ್ತಿದ್ದೆ. ಗಂಡನಿಗೂ ಹೇಳಿರಲಿಲ್ಲ. ಕಡೆಗೆ ಸಿಂಧನೂರಿನ ಡಾಕ್ಟರು, ಗರ್ಭಚೀಲ ಸ್ವಲ್ಪ ಜಾರಿದೆ, ಲಿಂಗಸುಗೂರಿನಲ್ಲಿ ಕಲಿಸುತ್ತಾರೆ, ಮೂರು ತಿಂಗಳು ವ್ಯಾಯಾಮ ಮಾಡಿ ನೋಡಿ, ಆಗದಿದ್ದರೆ ತೆಗೆದುಬಿಡೋಣ ಎಂದರು. ಜೊತೆಗಿದ್ದ ಅತ್ತೆಯ ಕಿವಿಗೆ ಬಿದ್ದದ್ದು ಕಡೆಯ ಮಾತು ಮಾತ್ರ. ನಮ್ಮ ಓಣಿಯಲ್ಲಿ ತೆಗೆಸಿಕೊಂಡವರು ಬಹಳ ಇದ್ದರು. ನನಗಿನ್ನೂ ಇಪ್ಪತ್ತಾರು, ಇನ್ನೊಂದು ಮಗು ಬೇಕಿತ್ತು.

ಮೊದಲ ದಿನ ಅತ್ತೆಯೂ ಬಂದಿದ್ದರು. “ಕಸರತ್ತು ಮಾಡಾಕ ನಮ್ಮ ಸೊಸಿ ಏನ್ ಕುಸ್ತಿಗಿ ಹೊಂಟಾಳೇನ್ರೀ? ತೆಗಿಸಿದ್ರ ಒಂದ ದಿನಕ್ಕ ಮುಗೀತೈತಿ.”

“ಬರ್ರಿ ಅಮ್ಮಾರ, ನೀವೂ ಕಣಕ್ಕ ಇಳೀರಿ,” ಎಂದು ಡಾಕ್ಟರಮ್ಮ ನಕ್ಕರು. ಆಮೇಲೆ ಅತ್ತೆಯನ್ನು ಹೊರಗೆ ಕೂರಿಸಿ ತಾವೇ ಅಗಳಿ ಹಾಕಿದರು.

ಸೀರೆ ಸಡಿಲಿಸಿದರೆ ಒಳಗೆ ಹೊಟ್ಟೆಪಟ್ಟಿ. ಬಾಣಂತಿಯ ಹೊಟ್ಟೆ ಇಳಿಯಲೆಂದು ಹಳೆಯ ಸೀರೆ ಹರಿದು ಬಿಗಿಯಾಗಿ ಸುತ್ತುವುದು ನಮ್ಮಲ್ಲಿ ರೂಢಿ. ಗರ್ಭಚೀಲ ಜಾರಿದೆ ಎಂದು ತಿಳಿದ ಮೇಲೆ, ಅದು ಬಿದ್ದೇ ಹೋದೀತೆಂದು ನಾನು ಪಟ್ಟಿಯನ್ನು ಇನ್ನೂ ಜಗ್ಗಿ ಕಟ್ಟಿದ್ದೆ. ಮಲಗುವಾಗಲೂ ಬಿಚ್ಚುತ್ತಿರಲಿಲ್ಲ.

“ತಳ ಸಡ್ಲಾದ ಚೀಲದ ನಡಾ ಬಿಗಿದ್ರ ಭತ್ತ ಎತ್ತಾಗ ಹೋಗತೈತಿ?” ಎಂದು ಕೇಳಿದರು.

ನಾನು ಪಟ್ಟಿಯ ಮೇಲೆ ಕೈ ಇಟ್ಟುಕೊಂಡೆ.

“ಕೆಳಗ. ಎತ್ತಿ ಹಿಡದೀನಿ ಅಂತ ತಿಳಕೊಂಡು ನೀ ಕೆಳಗ ನೂಕಾಕತ್ತೀದಿ ತಂಗಿ. ಬಿಚ್ಚು.”

ಸುತ್ತು ಸುತ್ತಾಗಿ ಬಿಚ್ಚಿದೆ. ಎದ್ದು ನಿಂತರೆ ಒಳಗಿನದೆಲ್ಲ ಜಾರಿ ನೆಲಕ್ಕೆ ಬೀಳುತ್ತದೆ ಎಂದೇ ನಂಬಿದ್ದೆ. ಅವರು ನನ್ನ ಬೆನ್ನಿಗೆ ಅಂಗೈ ಇಟ್ಟು ಎಬ್ಬಿಸಿ ನಿಲ್ಲಿಸಿದರು. ಏನೂ ಬೀಳಲಿಲ್ಲ. ಮೂತ್ರ ತಡೆಯುವಾಗ ಬಿಗಿಯುವ ಸ್ನಾಯುವನ್ನು ಒಳಕ್ಕೆ, ಮೇಲಕ್ಕೆ ಸೆಳೆದು ಹಿಡಿ, ಬಿಡು ಎಂದು ಕಲಿಸಿದರು. ನಾನು ಹಲ್ಲು ಕಚ್ಚಿ ಉಸಿರು ಕಟ್ಟಿದೆ.

“ಉಸಿರು ಹಿಡೀಬ್ಯಾಡ. ಅಂಜಿಕಿ ಇದ್ರ ಇರ್ಲಿ, ಉಸಿರು ಆಡ್ಲಿ.”

ತರಗತಿಯಲ್ಲಿ ನಿಂತು, ಬಸ್ಸಿಗೆ ಕಾಯುತ್ತ, ಯಾರಿಗೂ ಕಾಣದ ಆ ಕಸರತ್ತು ಮಾಡಿದೆ. ಗಂಟಲು ಕೆರೆದರೆ ಸಾಕು, ಜೀವ ಹಿಡಿಯಾಗುತ್ತಿತ್ತು. ಅತ್ತೆ ಆಪರೇಷನ್ನಿಗೆ ದಿನ ಕೇಳಿಟ್ಟಿದ್ದರು. ಮೂರು ತಿಂಗಳ ಮೇಲೆ ಸಿಂಧನೂರಿನ ಡಾಕ್ಟರು ನೋಡಿ, ತೆಗೆಯುವುದು ಬೇಡ ಎಂದಾಗ ನಾನು ನಂಬದೆ ಇನ್ನೊಮ್ಮೆ ಕೇಳಿದೆ.

ಎರಡನೇ ಮಗಳು ಹುಟ್ಟಿದ ಮೇಲೆ ಅವಳನ್ನು ಡಾಕ್ಟರಮ್ಮನಿಗೆ ತೋರಿಸಲು ಲಿಂಗಸುಗೂರಿಗೆ ಹೋದೆ.

“ತೀರ್ಕೊಂಡಾರಲ್ರೀ ಅವ್ರು,” ಎಂದಳು ನರ್ಸು. “ಎದ್ಯಾಗ ಗಂಟಾಗಿತ್ತಂತ. ವರ್ಷಗಟ್ಲೆ ಯಾರಿಗೂ ಹೇಳಿರಲಿಲ್ಲ ನೋಡ್ರಿ.”

ಅಷ್ಟು ಹೆಂಗಸರ ಅಂಜಿಕೆಯನ್ನು ಕೇಳಿಸಿಕೊಂಡವರಿಗೆ ತಮ್ಮದನ್ನು ಹೇಳಲು ಯಾರೂ ಇರಲಿಲ್ಲವೇ? ಮಗುವನ್ನು ಅವಚಿಕೊಂಡು ಹೊರಗಿನ ಬೆಂಚಿನ ಮೇಲೆ ಕೂತೆ. ಬೆನ್ನಿಗೆ ಆ ಅಂಗೈ ಇಲ್ಲದೆ ಎದ್ದು ಬಸ್ಸಿಗೆ ಹೋಗುವ ಧೈರ್ಯ ಬಹಳ ಹೊತ್ತು ಬರಲಿಲ್ಲ.