ಗಿರಣಿ ಮನೆಯ ದನಿ

ಮೊನ್ನೆ ಬಸ್ಸು ಮಾನ್ವಿ ದಾಟುವಾಗ ಅಕ್ಕಿ ಗಿರಣಿಗಳ ಬೇಯಿಸಿದ ಭತ್ತದ ಹುಳಿ ವಾಸನೆ ಕಿಟಕಿಯಿಂದ ನುಗ್ಗಿತು. ಬ್ರೇಕು ಸರಿಯಿದೆಯೋ ಇಲ್ಲವೋ ಎಂದು ಚಿಂತಿಸುತ್ತ ಕುಳಿತಿದ್ದವನಿಗೆ ಪಕ್ಕದ ಮನೆಯ ಸೊಸೆ ನೆನಪಾದಳು...

ಎಂಬತ್ತನೇ ಇಸವಿಯ ಆಸುಪಾಸು. ನಾನು ರಾಯಚೂರಿನಲ್ಲಿ ಕಾಲೇಜು ಓದುತ್ತಿದ್ದೆ. ಆಕೆ ಮಾನ್ವಿಯಿಂದ ಮದುವೆಯಾಗಿ ಬಂದಳು. ಆಕೆಯ ಅಪ್ಪ ಅಕ್ಕಿ ಗಿರಣಿಯ ಸದ್ದಿನಲ್ಲಿ ದುಡಿದು ಕಿವಿ ಕಳೆದುಕೊಂಡವರು. ಅವರಿಗೆ ಕೇಳಲೆಂದು ಮನೆಮಂದಿಯೆಲ್ಲ ಕೂಗಿಯೇ ಮಾತಾಡುತ್ತಿದ್ದರಂತೆ. ಮಕ್ಕಳು ತೊದಲು ಮಾತನ್ನೂ ಕೂಗಿಯೇ ಕಲಿತವರು. ನಮ್ಮ ಮನೆಯಲ್ಲಾದರೋ ಪ್ರತಿ ಮಾತೂ ‘ಏನರೆ ಆದ್ರ?’ ಎಂಬ ಆತಂಕದಲ್ಲಿ ಮುಗಿಯುತ್ತಿತ್ತು. ನನಗೆ ಆ ಚಿಂತೆಯ ರೋಗ ಅಂಟಿತು. ಆಕೆಗೆ ತವರಿನಿಂದ ಅಂಟಿದ್ದು ಜೋರು ದನಿ. “ಅತ್ತೀ, ಚಾ ಕುಡೀತೀರೇನ್ರೀ?” ಎಂದರೆ ಓಣಿಯ ಕೊನೆಯ ಮನೆಯವರೂ ಹೂಂ ಅನ್ನಬೇಕು.

ನಮ್ಮ ಓಣಿಯಲ್ಲಿ ಸೊಸೆಯ ದನಿ ಹೊಸ್ತಿಲು ದಾಟುವಂತಿರಲಿಲ್ಲ.

“ಯವ್ವಾ, ಇದು ಗಿರಣಿ ಅಲ್ಲ, ಮನಿ ಅದ. ಇನ್ನೊಮ್ಮೆ ಒದರಿದ್ರ ನಿಮ್ಮಪ್ಪನ ಮನ್ಯಾಗ ಹೋಗಿ ಒದರು,” ಎಂದಳು ಅತ್ತೆ.

ಹಾಗೆ ತವರಿಗೆ ಹೋದವರನ್ನು ಯಾರೂ ತಿರುಗಿ ಕರೆಯುತ್ತಿರಲಿಲ್ಲ. ಆಕೆ ಸೆರಗಿನ ತುದಿ ಕಚ್ಚಿ ಮಾತಾಡುವುದನ್ನು ಕಲಿತಳು. ವರ್ಷದೊಳಗೆ ಆಕೆಯ ಮಾತು ಎದುರಿಗಿದ್ದವರಿಗೂ ಕೇಳದಾಯಿತು... ಅತ್ತೆ ಮೆಚ್ಚಿಕೊಂಡಳು.

ಒಂದು ಮಧ್ಯಾಹ್ನ ಆಕೆಯ ಅಪ್ಪ ಮಗಳನ್ನು ನೋಡಲು ಬಂದು ಕಟ್ಟೆಯ ಮೇಲೆ ಕೂತರು. ಅತ್ತೆ ಬಾಗಿಲಲ್ಲೇ ನಿಂತಿದ್ದಳು. ಮಗಳು ಏನೋ ಹೇಳಿದಳು.

“ಏನಂದಿ ಬೇ? ಜೋರ್ಲೆ ಹೇಳು.”

ಆಕೆ ಮತ್ತೆ ತುಟಿ ಆಡಿಸಿದಳು, ಅಷ್ಟೇ. ಅಪ್ಪ ನಮ್ಮ ಮನೆಯ ಕಟ್ಟೆಯ ಮೇಲಿದ್ದ ನನ್ನತ್ತ ತಿರುಗಿ, ಓಣಿಗೆಲ್ಲ ಕೇಳುವಂತೆ, “ನನ್ ಮ್ಯಾಲ ಸಿಟ್ಟಾಗ್ಯಾಳೇನಪಾ?” ಎಂದರು. ನಾನು ಇಲ್ಲವೆಂದು ತಲೆಯಾಡಿಸಿದೆ. ಅವರು ನಂಬಲಿಲ್ಲ. ನೀರು ಕೂಡ ಕುಡಿಯದೆ ಬಸ್ಸಿಗೆ ಹೊರಟರು.

ಮುಂದಿನ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಮಾನ್ವಿಯಲ್ಲಿ ಅವರ ಮಣ್ಣಿಗೆ ನಮ್ಮವ್ವನೂ ಹೋಗಿದ್ದಳು. ನಮ್ಮ ಕಡೆ ಹೆಣ ಎತ್ತುವ ಮೊದಲು ಮಗಳು ಅಪ್ಪನ ಗುಣಗಳನ್ನು ಹೇಳಿಕೊಂಡು ಗಟ್ಟಿಯಾಗಿ ಅಳಬೇಕು. ಹೆಂಗಸರು ದಾರಿ ಬಿಟ್ಟು ಕಾದರಂತೆ. ಆಕೆ ಬಾಯಿ ತೆರೆದಳು. ಬರೀ ಉಸಿರು ಬಂತು.

ಅತ್ತೆಯೇ ಬೆನ್ನು ತಟ್ಟಿ, “ಒದರಿ ಅಳು ಯವ್ವಾ, ಮಂದಿ ನೋಡಾಕತ್ತಾರ,” ಎಂದಳಂತೆ. ಆಗಲಿಲ್ಲ. ಅಪ್ಪ ಸತ್ತರೂ ಅಳದವಳು ಎಂಬ ಹೆಸರು ಆ ಊರಲ್ಲಿ ಆಕೆಗೆ ಉಳಿದುಹೋಯಿತು.

ಮೊನ್ನೆ ಆ ಬಸ್ಸಿನಿಂದ ಇಳಿದು ಮನೆಗೆ ಬಂದವನಿಗೆ ಮನಸ್ಸು ತಡೆಯಲಿಲ್ಲ. ದೇವದುರ್ಗದಲ್ಲಿ ಟೀಚರಾಗಿರುವ ಆಕೆಯ ಮಗಳ ನಂಬರು ಹುಡುಕಿ ಫೋನು ಮಾಡಿದೆ. ಅವ್ವ ಹೇಗಿದ್ದಾಳೆಂದು ಕೇಳಿದೆ. ಮಗಳು ಏನೋ ಹೇಳಿದಳು, ಕೇಳಲಿಲ್ಲ. ಫೋನು ಕೆಟ್ಟಿತೋ, ನನ್ನ ಕಿವಿಯೇ ಕೆಟ್ಟಿತೋ ಎಂದು ಗಾಬರಿಯಾಗಿ, ಮತ್ತೊಮ್ಮೆ ಹೇಳವ್ವಾ ಎಂದೆ. ಉಸಿರು ಬಿಗಿಹಿಡಿದು ಆಲಿಸಿದ ಮೇಲೆ ತಿಳಿಯಿತು... ಮಳೆಗಾಲದಲ್ಲೇ ಅವ್ವ ತೀರಿಹೋದಳು ಎನ್ನುತ್ತಿದ್ದಳು, ಅವ್ವನ ಹಾಗೆಯೇ ತುಟಿಯೊಳಗೆ.