ಬ್ರೇಕು ಬಿತ್ತೋ, ಹಾಕಿದರೋ

೨೦೨೩ರಲ್ಲಿ ನನಗೆ ಐವತ್ತಮೂರು ವರ್ಷ. ಪುಣೆಯ ಕನ್ನಡ ಶಾಲೆಯೊಂದರಲ್ಲಿ ವ್ಯಾಕರಣ ಕಲಿಸುವುದನ್ನು ಆಗಲೇ ಬಿಟ್ಟಿದ್ದೆ. ನನ್ನ ಅಣ್ಣ ಅದೇ ಊರಿನ ಸದಾಶಿವ ಪೇಠದಿಂದ ತಳೇಗಾಂವದ ಕಾರ್ಖಾನೆಗಳಿಗೆ ಊಟ ಒಯ್ಯುತ್ತಿದ್ದ. ಪಿಕಪ್ಪಿನ ಹಿಂದೆ ಟ್ರೇಲರು, ಟ್ರೇಲರಿನಲ್ಲಿ ಅನ್ನ ಸಾರಿನ ದೊಡ್ಡ ಡಬರಿಗಳು. ಆ ಮಳೆಗಾಲದಲ್ಲಿ ಅವನ ಬಲಗಾಲಿಗೆ ಲಕ್ವಾ ಹೊಡೆಯಿತು. ಕಾಲಿಗೆ ಶಕ್ತಿ ಮರಳಿತು, ಗಾಡಿ ಓಡಿಸಬಹುದೆಂದು ವೈದ್ಯರೂ ಹೇಳಿದರು. ಒಪ್ಪದವನು ಅವನ ಮಗನೊಬ್ಬನೇ. ಮೂವತ್ತು ದಾಟಿದ್ದ ಅವನಿಗೆ ಕೀಲಿ ಬೇಕಾಗಿತ್ತು. ಗಾಡಿಯ ಕೀಲಿ ಯಾರ ಕೈಯಲ್ಲೋ ವ್ಯಾಪಾರವೂ ಅವರದೇ.

"ಅಪ್ಪಾ, ನಿನ್ನ ಕಾಲು ಬ್ರೇಕಿನ ಮ್ಯಾಲ ಹೋಗೂದ್ರಾಗ ತಳೇಗಾಂವ ದಾಟಿ ಮುಂಬೈ ಬಂದಿರತದ," ಎಂದು ಬಂದವರೆದುರೆಲ್ಲ ನಗುತ್ತಿದ್ದ.

ಕೊನೆಗೊಂದು ಒಪ್ಪಂದವಾಯಿತು. ಟ್ರೇಲರಿನ ಗಾಲಿಗಳಲ್ಲಿ ವಿದ್ಯುತ್ ಬ್ರೇಕುಗಳಿದ್ದರೂ ಅವುಗಳನ್ನು ನಡೆಸುವ ಪೆಟ್ಟಿಗೆ ಪಿಕಪ್ಪಿನಲ್ಲಿರಲಿಲ್ಲ. ಅದನ್ನು ಜೋಡಿಸಿದ ಮೇಲೆ ಅಣ್ಣ ತುಂಬಿದ ಟ್ರೇಲರನ್ನು ಒಮ್ಮೆ ತಳೇಗಾಂವಕ್ಕೆ ಒಯ್ದು ತೋರಿಸಬೇಕು. ಸಾರು ಚೆಲ್ಲದಿದ್ದರೆ ಕೀಲಿ ಅವನದು, ಚೆಲ್ಲಿದರೆ ಮಗನದು.

ಜೋಡಿಸುವ ಕೆಲಸವನ್ನು ನಾನು ವಹಿಸಿಕೊಂಡೆ. ಕೈಪಿಡಿಯನ್ನು ಪೂರ್ತಿ ಓದಿ ಮುಗಿಸಿದ ಮೇಲೆಯೇ ಪಕ್ಕಡ, ಸ್ಕ್ರೂಡ್ರೈವರು ಹಿಡಿದೆ. ಮನೆಯ ವಯರಿಂಗಿನಲ್ಲಿ ಕರಿಯ ತಂತಿ ನ್ಯೂಟ್ರಲ್ಲಿನದು. ಇಲ್ಲಿ ಕರಿಯದೇ ಬ್ಯಾಟರಿಯ ಪ್ಲಸ್ಸಿಗೆ, ಬಿಳಿಯದು ಮೈನಸ್ಸಿಗೆ. ಪೆಡಲು ತುಳಿದ ಸುದ್ದಿಯನ್ನು ಕೆಂಪು ತಂತಿ ತರುತ್ತದೆ, ನೀಲಿಯದು ಟ್ರೇಲರಿಗೆ ಮುಟ್ಟಿಸುತ್ತದೆ. ಪ್ಲಸ್ಸಿನ ದಾರಿಯಲ್ಲಿ ಫ್ಯೂಸು ಕೂರಿಸಿ, ಪೆಟ್ಟಿಗೆಯನ್ನು ಡ್ಯಾಶ್‌ಬೋರ್ಡಿನ ಕೆಳಗೆ, ಓಡಿಸುವವನ ಎಡ ಮೊಣಕಾಲಿನ ಪಕ್ಕಕ್ಕೆ ಬರುವಂತೆ ಸ್ಕ್ರೂ ಹಾಕಿ ಬಿಗಿದೆ. ಅದಕ್ಕೊಂದು ಸಣ್ಣ ಹಿಡಿಕೆ. ಟ್ರೇಲರು ಓಲಾಡತೊಡಗಿದರೆ, ಪೆಡಲು ತುಳಿಯದೆ, ಹಿಡಿಕೆಯನ್ನು ಕೈಯಿಂದ ಸರಿಸಿ ಟ್ರೇಲರನ್ನಷ್ಟೇ ತಡೆಯಬಹುದೆಂದು ತಂದೆ ಮಗ ಇಬ್ಬರಿಗೂ ವಿವರಿಸಿದೆ.

"ಪರೀಕ್ಷಾಕ್ಕ ಬರತದೇನ್ರಿ ಕಾಕಾ ಇದು?" ಎಂದ ಮಗ.

ಹೊರಟ ದಿನ ಅವನು ಅಣ್ಣನ ಪಕ್ಕದಲ್ಲಿ ಕೂತ, ನಾನು ಹಿಂದಿನ ಸೀಟಿನಲ್ಲಿ. ಅಣ್ಣ ಪ್ರತಿ ಸಿಗ್ನಲ್ಲಿನಲ್ಲೂ ಎಷ್ಟು ಮೆತ್ತಗೆ ನಿಲ್ಲಿಸಿದನೆಂದರೆ ಡಬರಿಯ ಮುಚ್ಚಳವೂ ಸಪ್ಪಳ ಮಾಡಲಿಲ್ಲ. ದೇಹೂ ರೋಡ್ ಊರು ದಾಟಿದ ಮೇಲೆ ಗುನುಗತೊಡಗಿದ. ತಳೇಗಾಂವದ ತಿರುವು ಕಾಣುತ್ತಲೇ ಮಗನ ಬಲಗೈ ತೊಡೆಯ ಮೇಲಿಂದ ಜಾರಿ, ಹಿಡಿಕೆಯನ್ನು ಕೊನೆಯವರೆಗೆ ಸರಿಸಿದ್ದನ್ನು ನಾನು ಕಂಡೆ. ಟ್ರೇಲರು ನಮ್ಮನ್ನು ಹಿಂದಕ್ಕೆ ಜಗ್ಗಿತು. ಡಬರಿಗಳು ಉರುಳಿದವು, ಟ್ರೇಲರಿನ ಬಾಗಿಲ ಸಂದಿನಿಂದ ಸಾರು ರಸ್ತೆಗೆ ಹರಿಯಿತು. ಹಿಂದಿದ್ದ ಸ್ಕೂಟರಿನವನು, ಮುದುಕರು ಮನೆಯಲ್ಲಿ ಕೂತಿರಬಾರದೇ ಎಂದು ಮರಾಠಿಯಲ್ಲಿ ಬೈದು ಮುಂದೆ ಹೋದ. ಅಣ್ಣ ಗಾಡಿಯನ್ನು ಬದಿಗೆ ನಿಲ್ಲಿಸಿದ.

"ಬ್ರೇಕ್ ಬಿತ್ತಲ್ಲಪಾ," ಎಂದ ಮಗ, ತುಂಬ ಮೃದುವಾಗಿ.

"ಬೀಳಲಿಲ್ಲ. ನೀ ಹಾಕಿದಿ," ಎಂದೆ. 'ಬಿತ್ತು' ಎಂಬ ಕ್ರಿಯಾಪದಕ್ಕೆ ಮಾಡಿದವನ ಹೆಸರು ಹೇಳುವ ಹೊಣೆಯಿಲ್ಲ; ಅವನು ಅದನ್ನು ಆರಿಸಿಕೊಂಡದ್ದು ಅದಕ್ಕಾಗಿಯೇ. "ನಾ ಕಣ್ಣಾರೆ ನೋಡೀನಿ ಅಣ್ಣಾ. ಹಿಡಿಕಿ ಸರಿಸಿದಾಂವ ಇವ."

ಮಗ ನಗುತ್ತ ಎರಡೂ ಕೈ ಎತ್ತಿ ತೋರಿಸಿದ. "ಕಾಕಾಗ ಎಲ್ಲಾರ ತಪ್ಪೂ ಕಾಣತಾವ. ಸಾಲಿ ಬಿಟ್ಟರು, ಕೆಂಪು ಪೆನ್ನ ಬಿಡಲಿಲ್ಲ."

ಅಣ್ಣ ತನ್ನ ಬಲಗಾಲನ್ನೇ ನೋಡುತ್ತಿದ್ದ. ಅದನ್ನು ಮುಷ್ಟಿಯಿಂದ ಗುದ್ದಿದ, ಮತ್ತೆ ಗುದ್ದಿದ.

"ನನ್ನ ಕಾಲಿನ ಪಾಪ ನನ್ನ ಮಗನ ಕೈಗೆ ಹಚ್ಚಬ್ಯಾಡ," ಎಂದ ನನಗೆ. "ನಿನಗ ಮಕ್ಕಳಿಲ್ಲ. ನಿನಗ ತಿಳಿಯೂದಿಲ್ಲ."

"ಇವನನ್ನ ಇಳಿಸಿ ಇನ್ನೊಮ್ಮೆ ಓಡಿಸು, ಅಷ್ಟ ಸಾಕು," ಎಂದೆ.

ಬೆಳಿಗ್ಗೆ ಯಾರ ಆಸರೆಯೂ ಇಲ್ಲದೆ ಮೆಟ್ಟಿಲಿಳಿದು ಬಂದಿದ್ದ ಅಣ್ಣ ಈಗ ಬಾಗಿಲು ತೆರೆದು, ಆ ಕಾಲನ್ನು ಎರಡೂ ಕೈಗಳಿಂದ ಎತ್ತಿ ಹೊರಗಿಟ್ಟ. ಚೆಲ್ಲಿದ ಸಾರನ್ನು ತುಳಿಯುತ್ತ, ಗಾಡಿಯನ್ನು ಹಿಡಿದು ಹಿಡಿದು ಸುತ್ತಿ, ಎಡಗಡೆಯ ಬಾಗಿಲಿಗೆ ಬಂದು ನಿಂತ. ಅಷ್ಟರಲ್ಲಿ ಮಗ ಸ್ಟಿಯರಿಂಗಿನ ಹಿಂದೆ ಕೂತು ಸೀಟನ್ನು ತನ್ನ ಎತ್ತರಕ್ಕೆ ಸರಿಪಡಿಸಿಕೊಳ್ಳುತ್ತಿದ್ದ. ಕೀಲಿ ಗಾಡಿಯಲ್ಲೇ ಇತ್ತು. ಅದನ್ನು ಅವನು ತಿರುಗಿಸಿದ್ದು ೨೦೨೩ರ ಡಿಸೆಂಬರ್ ೧೮, ಸೋಮವಾರ.