ಎದುರು ತಂಡದ ಲೆಸ್ಲಿ

ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಲೆಸ್ಲಿಯವರು ಬೆಳಿಗ್ಗೆ ಜಪಮಾಲೆ ಮುಗಿಸಿದ ಮೇಲೆ, ಚಹಾಕ್ಕೂ ಮೊದಲು, ಮೊಳೆಗೆ ತೂಗುಹಾಕಿದ ಅಬುಧಾಬಿ ಬೇಸ್‌ಬಾಲ್ ತಂಡದ ಟೋಪಿಯ ಧೂಳು ಒರೆಸುತ್ತಾರೆ. ಜ್ವರ ಬಂದ ದಿನವೂ ಇದು ತಪ್ಪಿದ್ದಿಲ್ಲ. ಪಂದ್ಯ ದುಬೈಯಲ್ಲಿದ್ದರೆ ಎರಡು ಗಂಟೆ ಬಸ್ಸಿನಲ್ಲಿ ಕೂತು ಹೋಗಿ, ದುಬೈಯವರ ನಟ್ಟನಡುವೆ ಕುರ್ಚಿ ಹಿಡಿಯುತ್ತಾರೆ. ದುಬೈ ಆಟಗಾರ ಹೊಡೆದ ಚೆಂಡು ಬೇಲಿ ದಾಟಿ ಸ್ಟೇಡಿಯಮ್ಮೇ ಎದ್ದು ಕುಣಿದರೂ ಇವರು ಮಾತ್ರ ಸಾವಿನ ಮನೆಗೆ ಬಂದವರಂತೆ ಕೂತಿರುತ್ತಾರೆ. ಅಬುಧಾಬಿಯವರು ಹೊಡೆದರೆ ನಲವತ್ತು ಜನರ ಚಪ್ಪಾಳೆಯನ್ನು ಒಬ್ಬರೇ ತಟ್ಟುತ್ತಾರೆ. “ಅಂಕಲ್, ನಿಮ್ಮೂರಿನ ಬಸ್ಸು ಹೊರಟಿತು, ಯಲ್ಲಾ, ಬೇಗ ಹೊರಡಿ!” ಎಂದು ಹಿಂದಿನ ಸಾಲಿನ, ದುಬೈಯಲ್ಲಿ ನೆಲೆಸಿದ ಉಡುಪಿಯವರು ಕೆಣಕಿದರೆ, “ಸೋತರೂ ನಮ್ಮದು ರಾಜಧಾನಿ ಮಾರಾಯ್ರೆ, ನಿಮ್ಮದು ಬರೀ ಅಂಗಡಿಬೀದಿ” ಎಂದು ತಿರುಗಿ ಕೊಡುತ್ತಾರೆ. ಆ ರಾಜಧಾನಿಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಅವರು ಮೂವತ್ತೊಂದು ವರ್ಷ ದುಡಿದರು. ಈಗ ವಯಸ್ಸಾಯಿತೆಂದು ಆಸ್ಪತ್ರೆಯವರು ಕೆಲಸ ಬಿಡಿಸಿದ್ದಾರೆ; ತಿಂಗಳ ಕೊನೆಗೆ ವೀಸಾ ರದ್ದಾಗುತ್ತದೆ, ಮತ್ತೆ ಮಂಗಳೂರು. ಮೊನ್ನೆಯದೇ ಅವರ ಕೊನೆಯ ಪಂದ್ಯ. ಅದನ್ನೂ ಅಬುಧಾಬಿ ಸೋತಿತು. ಪಕ್ಕದಲ್ಲಿ ಕೂತಿದ್ದ ಅಣ್ಣನ ಮಗ ಡ್ಯಾರಲ್ ಅವರ ಕಡೆ ತಿರುಗಿದ. “ಬೇಜಾರು ಮಾಡ್ಬೇಡಿ ಬಾಪ್ಪು. ಬರುವ ವರ್ಷ ನಾನೇ ವಿಸಿಟ್ ವೀಸಾ ಮಾಡಿಸ್ತೇನೆ. ಒಂದು ತಿಂಗಳು ಅಬುಧಾಬಿಯಲ್ಲೇ ಇದ್ದು ಮ್ಯಾಚ್ ನೋಡಿ ಹೋಗಿ.” ಲೆಸ್ಲಿಯವರು ಟೋಪಿ ತೆಗೆದು ಅದರ ಧೂಳು ಒರೆಸಿದರು. “ಬೇಡ ಮಗಾ,” ಎಂದರು. “ದುಬೈಗಾದ್ರೆ ನೆಂಟನ ಹಾಗೆ ಬರ್ಬಹುದು. ಅಬುಧಾಬಿಗೆ ಹಾಗೆ ಬರ್ಲಿಕ್ಕೆ ನನ್ನಿಂದಾಗುದಿಲ್ಲ.”